ನಿಂತ ಕಾರಿನ ಬ್ರೇಕಿಗೆ ಹಿಡಿಯುವ ತುಕ್ಕು

ಮೇಲ್ಮೈ ತುಕ್ಕು ಎಂದರೇನು

ಮಳೆಯಲ್ಲಿ ನೆನೆದ ಕಾರನ್ನು ರಾತ್ರಿ ನಿಲ್ಲಿಸಿ ಬೆಳಗ್ಗೆ ನೋಡಿದರೆ ಚಕ್ರದ ಸಂದಿಯಲ್ಲಿ ಕಾಣುವ ಬ್ರೇಕ್ ಡಿಸ್ಕ್ ತನ್ನ ಹೊಳಪನ್ನು ಕಳೆದುಕೊಂಡಿರುತ್ತದೆ. ಹಿಂದಿನ ದಿನ ಕನ್ನಡಿಯಂತಿದ್ದ ತಟ್ಟೆಯ ಮೇಲೆ ಕಿತ್ತಳೆ ಬಣ್ಣದ ಪುಡಿ ಹರಡಿರುತ್ತದೆ. ಲೋಹದ ಆಳಕ್ಕೆ ಇಳಿಯದೆ, ಮುಖದ ಮೇಲೆ ಮಾತ್ರ ಕೂತಿರುವ ಈ ತೆಳುವಾದ ಪದರವೇ ಮೇಲ್ಮೈ ತುಕ್ಕು. ಇದು ಹುಟ್ಟಲು ದಿನಗಳು ಬೇಕಿಲ್ಲ. ಒದ್ದೆ ಡಿಸ್ಕಿಗೆ ಕೆಲವು ಗಂಟೆಗಳೇ ಸಾಕು. ನೂರಾರು ಕಿಲೋಮೀಟರ್ ಕೂಡ ಓಡದ, ಮಾರಾಟಗಾರರ ಅಂಗಳದಲ್ಲಿ ನಿಂತಿರುವ ಹೊಚ್ಚ ಹೊಸ ಕಾರಿನಲ್ಲೂ ಇದು ಕಾಣುತ್ತದೆ.

ಈ ಬಣ್ಣವನ್ನು ಕಂಡು ಗಾಬರಿಯಾಗುವವರು ಬಹಳ. ಆದರೆ ಬ್ರೇಕಿನ ತುಕ್ಕಿನ ವಿಷಯದಲ್ಲಿ ಕಣ್ಣಿಗೆ ಬೀಳುವ ಭಾಗ ಸಾಮಾನ್ಯವಾಗಿ ನಿರುಪದ್ರವಿ. ಹಾನಿ ಮಾಡುವುದು ಕಣ್ಣಿಗೆ ಬೀಳದ ಭಾಗ. ಡಿಸ್ಕಿನ ಒಳಮುಖ, ಘರ್ಷಣೆಯ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು, ಹಿಂದಿನ ಚಕ್ರದ ಮುಚ್ಚಿದ ಡ್ರಮ್ಮು, ಇವೇ ಆ ಭಾಗಗಳು. ಈ ವ್ಯತ್ಯಾಸ ತಿಳಿದಿದ್ದರೆ ಅನಗತ್ಯ ಖರ್ಚೂ ತಪ್ಪುತ್ತದೆ, ನಿಜವಾದ ಅಪಾಯವೂ ತಪ್ಪುತ್ತದೆ.

ಡಿಸ್ಕಿಗೆ ಬೀಡುಕಬ್ಬಿಣವೇ ಏಕೆ

ಬ್ರೇಕಿನ ಕೆಲಸ ಚಲನಶಕ್ತಿಯನ್ನು ಉಷ್ಣವಾಗಿ ಬದಲಿಸುವುದು. 1,200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದರೆ ಅದರಲ್ಲಿ ಸುಮಾರು 3 ಲಕ್ಷ ಜೂಲ್ ಶಕ್ತಿ ಇರುತ್ತದೆ. ಒಂದು ಲೀಟರಿಗೆ ಸ್ವಲ್ಪ ಕಡಿಮೆ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಶಕ್ತಿ ಇದು. ಕಾರು ನಿಲ್ಲುವ ಕೆಲವೇ ಸೆಕೆಂಡುಗಳಲ್ಲಿ ಈ ಶಕ್ತಿಯ ಬಹುಪಾಲನ್ನು ಬ್ರೇಕುಗಳೇ ನುಂಗಬೇಕು, ಆಮೇಲೆ ಗಾಳಿಗೆ ಬಿಟ್ಟುಕೊಡಬೇಕು.

ಈ ಕೆಲಸಕ್ಕೆ ಬೂದು ಬಣ್ಣದ ಬೀಡುಕಬ್ಬಿಣ ಬಹಳ ಹೊಂದುತ್ತದೆ. ಅದರಲ್ಲಿ ಶೇಕಡಾ 3ರಿಂದ 4ರಷ್ಟು ಇಂಗಾಲ ಇರುತ್ತದೆ. ಅದರ ಹೆಚ್ಚಿನ ಪಾಲು ಸಣ್ಣ ಗ್ರ್ಯಾಫೈಟ್ ಚೂರುಗಳ ರೂಪದಲ್ಲಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಈ ಚೂರುಗಳು ಉಷ್ಣವನ್ನು ಬೇಗ ಸಾಗಿಸುತ್ತವೆ, ಕಂಪನವನ್ನು ತಗ್ಗಿಸಿ ಬ್ರೇಕಿನ ಕಿರುಚಾಟವನ್ನು ಕಡಿಮೆ ಮಾಡುತ್ತವೆ. ಎರಕ ಹೊಯ್ಯುವುದೂ ಲೇತಿನಲ್ಲಿ ಕಡೆಯುವುದೂ ಸುಲಭ, ಬೆಲೆಯೂ ಕಡಿಮೆ. ಬೈಕುಗಳ ಡಿಸ್ಕುಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್ ಉಕ್ಕಿನವು, ಆದ್ದರಿಂದ ಅವು ಮಳೆಯಲ್ಲಿ ನಿಂತರೂ ಹೊಳೆಯುತ್ತಿರುತ್ತವೆ. ಆದರೆ ಆ ಉಕ್ಕು ಬೀಡುಕಬ್ಬಿಣದಷ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುವುದಿಲ್ಲ. ಹಗುರವಾದ ಬೈಕಿಗೆ ಅದು ಸಾಲುತ್ತದೆ, ಭಾರದ ಕಾರಿಗೆ ಸಾಲುವುದಿಲ್ಲ. ಡಿಸ್ಕ್ ಬ್ರೇಕ್ ಹೊಸತೇನಲ್ಲ: ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಜಾಗ್ವಾರ್ ಕಾರುಗಳು ಡಿಸ್ಕ್ ಬ್ರೇಕಿನ ಬಲದಿಂದ 1953ರ ಲೆ ಮಾನ್ಸ್ ಓಟವನ್ನು ಗೆದ್ದ ಮೇಲೆ ಅದು ಜಗತ್ತಿನ ಗಮನ ಸೆಳೆಯಿತು. ಇಂದಿಗೂ ಸಾಮಾನ್ಯ ಕಾರುಗಳ ಡಿಸ್ಕು ಬೀಡುಕಬ್ಬಿಣದ್ದೇ.

ಕಾರಿನ ಮೈಗೆ ಬಳಿದಂತೆ ಡಿಸ್ಕಿಗೂ ಬಣ್ಣ ಬಳಿದು ತುಕ್ಕನ್ನು ತಡೆಯಬಾರದೇಕೆ ಎಂಬ ಪ್ರಶ್ನೆ ಸಹಜ. ಪ್ಯಾಡು ಉಜ್ಜುವ ಮುಖದ ಮೇಲೆ ಬಣ್ಣ ನಿಲ್ಲುವುದಿಲ್ಲ. ಪ್ಯಾಡು ತಾಗದ ನಡುಭಾಗಕ್ಕೂ ಅಂಚಿಗೂ ಮಾತ್ರ ಕೆಲವು ತಯಾರಕರು ತುಕ್ಕುನಿರೋಧಕ ಲೇಪ ಕೊಡುತ್ತಾರೆ.

ತುಕ್ಕು ಹುಟ್ಟುವ ಬಗೆ

ತುಕ್ಕಿಗೆ ಕಬ್ಬಿಣದ ಜೊತೆ ನೀರು, ಆಮ್ಲಜನಕ ಎರಡೂ ಬೇಕು. ಲೋಹದ ಮೇಲೆ ನೀರಿನ ತೆಳು ಪೊರೆ ಕೂತಾಗ ಕೆಲವು ಜಾಗಗಳಲ್ಲಿ ಕಬ್ಬಿಣದ ಪರಮಾಣುಗಳು ಇಲೆಕ್ಟ್ರಾನ್ ಕಳೆದುಕೊಂಡು ನೀರಿಗೆ ಇಳಿಯುತ್ತವೆ. ಆ ಇಲೆಕ್ಟ್ರಾನುಗಳು ಲೋಹದ ಮೂಲಕ ಪಕ್ಕದ ಜಾಗಕ್ಕೆ ಹರಿಯುತ್ತವೆ. ಅಲ್ಲಿ ನೀರೂ ಆಮ್ಲಜನಕವೂ ಅವನ್ನು ಪಡೆದು ಹೈಡ್ರಾಕ್ಸೈಡ್ ಆಗುತ್ತವೆ. ಎರಡೂ ಕಡೆಯ ಉತ್ಪನ್ನಗಳು ಕೂಡಿ, ಮತ್ತಷ್ಟು ಆಮ್ಲಜನಕವನ್ನು ಸೇರಿಸಿಕೊಂಡು, ನೀರು ಬೆರೆತ ಕಬ್ಬಿಣದ ಆಕ್ಸೈಡ್ ರೂಪುಗೊಳ್ಳುತ್ತದೆ. ಅದೇ ಕಿತ್ತಳೆ ಪುಡಿ. ಬೀಡುಕಬ್ಬಿಣದಲ್ಲಿರುವ ಗ್ರ್ಯಾಫೈಟ್ ಇಲೆಕ್ಟ್ರಾನುಗಳನ್ನು ಪಡೆಯುವ ಜಾಗವಾಗಿ ವರ್ತಿಸುವುದರಿಂದ ಈ ಕ್ರಿಯೆಗೆ ಇನ್ನಷ್ಟು ಅನುಕೂಲವಾಗುತ್ತದೆ.

ಅಲ್ಯೂಮಿನಿಯಂ ಕೂಡ ಗಾಳಿಯಲ್ಲಿ ಆಕ್ಸೈಡ್ ಆಗುತ್ತದೆ. ಆದರೆ ಅದರ ಪದರ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ: ಅದು ರಂಧ್ರಮಯ, ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಉದುರುತ್ತದೆ, ನೀರನ್ನು ಹಿಡಿದಿಟ್ಟು ಕೆಳಗಿನ ಲೋಹಕ್ಕೆ ಉಣಿಸುತ್ತದೆ. ಹೀಗೆ ಉಬ್ಬುವ ಗುಣವನ್ನು ನೆನಪಿಡಬೇಕು. ಮುಂದೆ ಹೇಳುವ, ಡ್ರಮ್ಮಿನ ಬ್ರೇಕ್ ಶೂವಿನಿಂದ ಲೈನಿಂಗ್ ಕಳಚಿಬರುವ ಸಂಗತಿಗೆ ಅದೇ ಕಾರಣ.

ಎಲ್ಲ ಕಬ್ಬಿಣಕ್ಕೂ ಇದೇ ಗತಿ ಎನ್ನಲಾಗದು. ದೆಹಲಿಯ ಮೆಹ್ರೌಲಿಯಲ್ಲಿರುವ ಕಬ್ಬಿಣದ ಕಂಬ ಸುಮಾರು 1,600 ವರ್ಷಗಳಿಂದ ಬಯಲಿನಲ್ಲಿದೆ. ನಮ್ಮ ಕೊಡಚಾದ್ರಿಯ ಗುಡಿಯ ಮುಂದಿನ ಕಬ್ಬಿಣದ ಕಂಬವೂ ಮಲೆನಾಡಿನ ಮಳೆಯನ್ನು ತಾಳಿಕೊಂಡು ನಿಂತಿದೆ. ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಅದು ಮೇಲ್ಮೈಯಲ್ಲಿ ನಿಧಾನವಾಗಿ ಬೆಳೆದ ರಕ್ಷಕ ಪದರಕ್ಕೆ ಕಾರಣವಾಗಿದೆ. ಬ್ರೇಕ್ ಡಿಸ್ಕಿಗೆ ಅಂಥ ಪದರ ಕಟ್ಟಿಕೊಳ್ಳುವ ಅವಕಾಶವೇ ಇಲ್ಲ. ಪ್ರತಿ ಸಲ ಪೆಡಲ್ ಒತ್ತಿದಾಗಲೂ ಪ್ಯಾಡು ಅದನ್ನು ಉಜ್ಜಿ ಬರಿಯ ಲೋಹವನ್ನು ಗಾಳಿಗೆ ಒಡ್ಡುತ್ತದೆ.

ಕರಾವಳಿಯ ಗಾಳಿ, ಹಿಮದ ರಸ್ತೆಯ ಉಪ್ಪು

ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60ನ್ನು ದಾಟಿದಾಗ ಕಬ್ಬಿಣ ತುಕ್ಕು ಹಿಡಿಯುವ ವೇಗ ಥಟ್ಟನೆ ಏರುತ್ತದೆ. ರಾಯಚೂರು, ಕಲಬುರಗಿಗಳ ಒಣ ಬೇಸಿಗೆಯಲ್ಲಿ ನಿಂತ ಕಾರಿನ ಡಿಸ್ಕು ಬಹುಕಾಲ ಹೊಳಪು ಉಳಿಸಿಕೊಳ್ಳುತ್ತದೆ. ಮಂಗಳೂರು, ಉಡುಪಿ, ಕಾರವಾರಗಳ ಮಳೆಗಾಲದಲ್ಲಿ ಮೇಲೆ ಹನಿ ಬೀಳದಿದ್ದರೂ ಗಾಳಿಯ ತೇವವೇ ಸಾಕು.

ಕಡಲತೀರದಲ್ಲಿ ತೇವದ ಜೊತೆಗೆ ಉಪ್ಪೂ ಇದೆ. ಅಲೆಗಳಿಂದ ಗಾಳಿಗೆ ಸೇರುವ ಉಪ್ಪಿನ ಕಣಗಳು ಲೋಹದ ಮೇಲೆ ಕೂರುತ್ತವೆ. ಆರ್ದ್ರತೆ ಶೇಕಡಾ 75ರ ಆಸುಪಾಸಿಗೆ ಏರಿದಾಗ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಸಾಗಿಸುವುದರಿಂದ ತುಕ್ಕಿನ ಕ್ರಿಯೆ ಚುರುಕಾಗುತ್ತದೆ, ಕ್ಲೋರೈಡ್ ಲೋಹವನ್ನು ಅಲ್ಲಲ್ಲಿ ಕೊರೆದು ಗುಳಿ ಮಾಡುತ್ತದೆ. ಕರಾವಳಿಯ ಎಷ್ಟೋ ಕುಟುಂಬಗಳ ದುಡಿಯುವ ಸದಸ್ಯರು ಕೊಲ್ಲಿ ರಾಷ್ಟ್ರಗಳಲ್ಲಿರುತ್ತಾರೆ. ಅಂಥ ಮನೆಗಳ ಅಂಗಳದಲ್ಲಿ ಕಾರು ಯಜಮಾನರ ರಜೆಗಾಗಿ ತಿಂಗಳುಗಟ್ಟಲೆ ಕಾಯುತ್ತದೆ. ಬ್ರೇಕಿನ ತುಕ್ಕಿಗೆ ಇದಕ್ಕಿಂತ ಅನುಕೂಲವಾದ ಪರಿಸ್ಥಿತಿ ಇನ್ನೊಂದಿಲ್ಲ. ಕೆನಡಾದಲ್ಲೂ ಅಮೆರಿಕದ ಉತ್ತರದ ರಾಜ್ಯಗಳಲ್ಲೂ ನೆಲೆಸಿದ ಕನ್ನಡಿಗರು ಇದೇ ತೊಂದರೆಯನ್ನು ಚಳಿಗಾಲದಲ್ಲಿ ಕಾಣುತ್ತಾರೆ. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಾರಿನ ಅಡಿಭಾಗವನ್ನೆಲ್ಲ ತಿನ್ನುತ್ತದೆ.

ಯಾವುದು ನಿರುಪದ್ರವಿ, ಯಾವುದು ಅಪಾಯಕಾರಿ

ಪರೀಕ್ಷೆ ಸರಳವಾಗಿದೆ. ಕಾರು ಹೊರಟು ಕೆಲವು ಸಲ ಬ್ರೇಕ್ ಒತ್ತಿದ ಮೇಲೆ ಡಿಸ್ಕು ಮೊದಲಿನಂತೆ ಬೆಳ್ಳಗಾದರೆ ಅದು ಮೇಲ್ಮೈ ತುಕ್ಕು, ಅಲ್ಲಿಗೆ ಕತೆ ಮುಗಿಯಿತು. ಮೊದಲ ಒಂದೆರಡು ಒತ್ತುವಿಕೆಯಲ್ಲಿ ಕೇಳುವ ಕರಕರ ಸದ್ದು ತುಕ್ಕು ಉಜ್ಜಿಹೋಗುವ ಸದ್ದು. ಡಿಸ್ಕಿನ ಹೊರ ಅಂಚು ಮತ್ತು ಚಕ್ರದ ಬೋಲ್ಟುಗಳ ಸುತ್ತಲಿನ ನಡುಭಾಗ ಸದಾ ಕಂದು ಬಣ್ಣದಲ್ಲಿರುವುದೂ ಸಹಜ. ಅಲ್ಲಿ ಪ್ಯಾಡು ತಾಗುವುದಿಲ್ಲ.

ಹಲವು ದಿನ ಓಡಿಸಿದರೂ ಉಜ್ಜುವ ಮುಖದ ಮೇಲೆ ತುಕ್ಕಿನ ಪಟ್ಟೆ ಉಳಿದಿದ್ದರೆ ಅದರ ಅರ್ಥ ಬೇರೆ. ಆ ಪಟ್ಟೆಯ ಜಾಗಕ್ಕೆ ಪ್ಯಾಡು ಸರಿಯಾಗಿ ಒತ್ತುತ್ತಿಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದಿರಬಹುದು, ಪಿಸ್ಟನ್ ಅಂಟಿರಬಹುದು, ಇಲ್ಲವೆ ಪ್ಯಾಡು ತನ್ನ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿರಬಹುದು. ಇಂಥ ಸಂದರ್ಭದಲ್ಲಿ ಹೊರಮುಖ ಹೊಳೆಯುತ್ತಿದ್ದು ಒಳಮುಖ ಮಾತ್ರ ತುಕ್ಕುಗಟ್ಟಿರುವುದೂ ಉಂಟು. ಟೈರು ಬಿಚ್ಚಿದಾಗಲೆಲ್ಲ ಒಳಮುಖವನ್ನು ಒಮ್ಮೆ ಟಾರ್ಚ್ ಹಾಕಿ ನೋಡಲು ಹೇಳುವುದು ಒಳ್ಳೆಯ ರೂಢಿ.

ಇನ್ನೊಂದು ತೊಂದರೆ ಪ್ಯಾಡಿನ ಅಚ್ಚು. ಕಾರು ವಾರಗಟ್ಟಲೆ ಒಂದೇ ಭಂಗಿಯಲ್ಲಿ ನಿಂತಾಗ ಪ್ಯಾಡಿನ ಅಡಿಯ ಭಾಗ ತೇವವನ್ನು ಹಿಡಿದಿಡುತ್ತದೆ, ಅಲ್ಲಿಯ ತುಕ್ಕು ಉಳಿದ ಭಾಗಕ್ಕಿಂತ ಬೇರೆ ಬಗೆಯಲ್ಲಿ ಬೆಳೆಯುತ್ತದೆ. ಮತ್ತೆ ಓಡಿಸಿದಾಗ ಡಿಸ್ಕು ಎಲ್ಲ ಕಡೆ ಒಂದೇ ಸಮ ಸವೆಯದೆ ದಪ್ಪದಲ್ಲಿ ಏರುಪೇರಾಗುತ್ತದೆ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸವಾದರೂ ಬ್ರೇಕ್ ಒತ್ತಿದಾಗ ಪೆಡಲ್ ಅದುರುವುದು ಕಾಲಿಗೆ ತಿಳಿಯುತ್ತದೆ. ಮುಂದಿನ ಡಿಸ್ಕಾದರೆ ಸ್ಟೀರಿಂಗೂ ನಡುಗುತ್ತದೆ. ಈ ನಡುಕ ಕೆಲವು ದಿನಗಳ ಓಡಾಟದಲ್ಲಿ ಹೋಗದಿದ್ದರೆ ಡಿಸ್ಕನ್ನು ಲೇತಿನಲ್ಲಿ ಸಮಮಾಡಿಸಬೇಕು ಅಥವಾ ಬದಲಿಸಬೇಕು. ಸಮಮಾಡಿಸುವ ಮುನ್ನ ದಪ್ಪ ಅಳೆಯುವುದು ಕಡ್ಡಾಯ. ಉಳಿಯಲೇಬೇಕಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ಉಗುರಿಗೆ ಸಿಗುವಷ್ಟು ಗುಳಿ ಬಿದ್ದ ಅಥವಾ ಪದರ ಪದರವಾಗಿ ಎದ್ದುಬರುವ ಡಿಸ್ಕನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ. ಬದಲಿಸುವಾಗ ಒಂದೇ ಅಚ್ಚಿನ (ಆಕ್ಸಲ್) ಎರಡೂ ಡಿಸ್ಕುಗಳನ್ನು ಹೊಸ ಪ್ಯಾಡುಗಳೊಂದಿಗೆ ಬದಲಿಸಬೇಕು. ಒಂದು ಕಡೆ ಹೊಸತು, ಇನ್ನೊಂದು ಕಡೆ ಹಳತು ಇದ್ದರೆ ಬ್ರೇಕ್ ಹಾಕಿದಾಗ ಕಾರು ಪಕ್ಕಕ್ಕೆ ಎಳೆಯಬಹುದು.

ಡ್ರಮ್ಮಿನೊಳಗೆ ನಡೆಯುವುದು

ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹಲವಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರಮ್ಮೂ ಬೀಡುಕಬ್ಬಿಣದ್ದೇ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳಿದ್ದು, ಅವುಗಳ ಬೆನ್ನಿಗೆ ಘರ್ಷಣೆಯ ಲೈನಿಂಗ್ ಅಂಟಿಸಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಾಗ ಕೇಬಲ್ ಈ ಶೂಗಳನ್ನು ಅಗಲಿಸಿ ಡ್ರಮ್ಮಿನ ಒಳಗೋಡೆಗೆ ಒತ್ತಿ ಹಿಡಿಯುತ್ತದೆ.

ಮಳೆಯಲ್ಲಿ ಬಂದು, ಹ್ಯಾಂಡ್‌ಬ್ರೇಕ್ ಎಳೆದು, ವಾರಗಟ್ಟಲೆ ಬಿಟ್ಟ ಕಾರಿನಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಡ್ರಮ್ಮಿನ ಗೋಡೆಯಲ್ಲಿ ಹುಟ್ಟಿದ ತುಕ್ಕು ಲೈನಿಂಗಿನ ಸಣ್ಣ ರಂಧ್ರಗಳಿಗೆ ಬೆಳೆದು ಎರಡನ್ನೂ ಒಂದು ಮಾಡುತ್ತದೆ. ಹ್ಯಾಂಡ್‌ಬ್ರೇಕಿನ ಕೇಬಲ್ ತನ್ನ ಕವಚದೊಳಗೆ ತುಕ್ಕು ಹಿಡಿದು, ಬಿಟ್ಟರೂ ಹಿಂದೆ ಸರಿಯದಂತಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯದು: ಲೈನಿಂಗ್ ಅಂಟಿಸಿದ ಉಕ್ಕಿನ ತಗಡಿಗೆ ತುಕ್ಕು ಹತ್ತಿ, ಅದು ಉಬ್ಬುತ್ತಾ ಲೈನಿಂಗನ್ನೇ ಒಳಗಿನಿಂದ ಎತ್ತಿಬಿಡುತ್ತದೆ.

ಹೀಗಾದ ಕಾರನ್ನು ಗೇರಿಗೆ ಹಾಕಿ ಹೊರಡಿಸಿದರೆ ಹಿಂಭಾಗ ಕುಕ್ಕರಿಸಿದಂತಾಗುತ್ತದೆ, ಮುಂದಕ್ಕೆ ಚಲಿಸುವುದಿಲ್ಲ. ಮೆಕ್ಯಾನಿಕ್ ಭಾಷೆಯಲ್ಲಿ ಬ್ರೇಕ್ ಜಾಮ್ ಆಗಿದೆ. ಆಗ ಎಂಜಿನ್ ಬಲದಿಂದ ಎಳೆಯಲು ಹೋಗಬಾರದು. ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟು, ಮೊದಲ ಗೇರಿನಲ್ಲಿ ಅಷ್ಟು, ರಿವರ್ಸಿನಲ್ಲಿ ಅಷ್ಟು ನಯವಾಗಿ ಅಲುಗಿಸಿದರೆ ಬಹಳ ಸಲ ಟಕ್ ಎಂಬ ಸದ್ದಿನೊಂದಿಗೆ ಬಿಡುತ್ತದೆ. ಬಿಡದಿದ್ದರೆ ಮೆಕ್ಯಾನಿಕ್ ಚಕ್ರ ಬಿಚ್ಚಿ, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಹದವಾಗಿ ತಟ್ಟಿ ಬಿಡಿಸುತ್ತಾರೆ. ಬಲವಾಗಿ ಎಳೆದರೆ ಲೈನಿಂಗ್ ಶೂವಿನಿಂದ ಕಿತ್ತು ಡ್ರಮ್ಮಿನೊಳಗೆ ಉಳಿಯಬಹುದು. ಆ ಚಕ್ರಕ್ಕೆ ಬ್ರೇಕ್ ಇರುವುದಿಲ್ಲ, ಇಲ್ಲವೆ ಓಡುವಾಗಲೇ ಚಕ್ರ ಹಿಡಿದುಕೊಳ್ಳಬಹುದು. ಟಕ್ ಎಂದು ಬಿಟ್ಟ ಮೇಲೂ ಹಿಂದಿನ ಚಕ್ರದಲ್ಲಿ ಉಜ್ಜುವ ಸದ್ದು, ಸುಟ್ಟ ವಾಸನೆ ಅಥವಾ ಎಳೆತ ಇದ್ದರೆ ಡ್ರಮ್ ಬಿಚ್ಚಿಸಿ ನೋಡದೆ ಮುಂದೆ ಹೋಗಬಾರದು. ಕಿತ್ತಳೆ ಡಿಸ್ಕು ಕಂಡು ಗ್ಯಾರೇಜಿಗೆ ಓಡುವವರು ಈ ಡ್ರಮ್ಮನ್ನು ವರ್ಷಗಟ್ಟಲೆ ಬಿಚ್ಚಿಸದೆ ಇರುವುದು ನಿಜಕ್ಕೂ ಕಳವಳದ ವಿಷಯ.

ತುಕ್ಕು ತೆಗೆಯುವ ಕ್ರಮ

ಸಾಧಾರಣ ತುಕ್ಕಿಗೆ ಬ್ರೇಕೇ ಮದ್ದು. ಮೊದಲು ಮನೆಯ ಆವರಣದಲ್ಲಿಯೇ ನಡಿಗೆಯ ವೇಗದಲ್ಲಿ ಪೆಡಲ್ ಒತ್ತಿ, ಕಾರು ನಿಲ್ಲುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪೆಡಲ್ ಮೆತ್ತಗಾಗಿ ತಳಕ್ಕೆ ಹೋದರೆ ಕಾರನ್ನು ರಸ್ತೆಗೆ ಇಳಿಸಬಾರದು. ಎಲ್ಲ ಸರಿಯಿದ್ದರೆ, ಹಿಂದೆ ವಾಹನಗಳಿಲ್ಲದ ರಸ್ತೆಯಲ್ಲಿ ಗಂಟೆಗೆ 40–50 ಕಿಲೋಮೀಟರ್ ವೇಗದಿಂದ 10–15ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಸ್ವಲ್ಪ ದೂರ ಓಡಿಸಿ ಡಿಸ್ಕು ಆರಲು ಬಿಟ್ಟು, ಮತ್ತೆ ಹಾಗೆಯೇ ಮಾಡಬೇಕು. ಐದಾರು ಸಲದಲ್ಲಿ ಮುಖ ಶುಭ್ರವಾಗುತ್ತದೆ. ಮೊದಲ ಕೆಲವು ಒತ್ತುವಿಕೆಗಳಲ್ಲಿ ಹಿಡಿತ ಕಡಿಮೆ ಇರಬಹುದಾದ್ದರಿಂದ ಮುಂದಿನ ವಾಹನದಿಂದ ಹೆಚ್ಚು ಅಂತರ ಇರಲಿ.

ತಿಂಗಳುಗಟ್ಟಲೆ ನಿಂತ ಕಾರಿನ ದಟ್ಟ ತುಕ್ಕನ್ನು ಪ್ಯಾಡಿನಿಂದಲೇ ಉಜ್ಜಿಸಿದರೆ ತುಕ್ಕಿನ ಕಣಗಳು ಪ್ಯಾಡಿಗೆ ಕಚ್ಚಿಕೊಂಡು ಡಿಸ್ಕಿನಲ್ಲಿ ಗೀರು ಎಳೆಯುತ್ತವೆ. ಅಂಥಲ್ಲಿ ಚಕ್ರ ಬಿಚ್ಚಿ, ತಂತಿ ಬ್ರಷ್ಷಿನಿಂದ ಸಡಿಲ ತುಕ್ಕನ್ನು ಕೆಡವಿ, ಎಮರಿ ಪೇಪರಿನಿಂದ ಎರಡೂ ಮುಖಗಳನ್ನು ಸಮವಾಗಿ ಉಜ್ಜಿ, ಕೊನೆಗೆ ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಬೇಕು. ಇದೇ ಹೊತ್ತಿನಲ್ಲಿ ಕ್ಯಾಲಿಪರ್ ಪಿನ್ನುಗಳನ್ನು ತೆಗೆದು ಶುಚಿಗೊಳಿಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿಸುವುದು ಲೇಸು. ಅನುಭವವಿಲ್ಲದವರು ಈ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಬೇಕು; ಜಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ಯಾರೂ ಹೋಗಬಾರದು.

ತುಕ್ಕು ಕಂಡ ಕೂಡಲೇ ಡೀಸೆಲ್, ಸೀಮೆಎಣ್ಣೆ ಅಥವಾ ಡಬ್ಬಿಯಲ್ಲಿ ಸಿಗುವ ತುಕ್ಕು ಸಡಿಲಿಸುವ ಎಣ್ಣೆಯನ್ನು ಸಿಂಪಡಿಸುವ ರೂಢಿ ನಮ್ಮಲ್ಲಿದೆ. ಗೇಟಿನ ಕೀಲಿಗೆ ಅದು ಸರಿ, ಬ್ರೇಕಿಗೆ ಮಾರಕ. ಘರ್ಷಣೆಯನ್ನೇ ನಂಬಿರುವ ಭಾಗಕ್ಕೆ ಜಾರು ಪದಾರ್ಥ ಸೋಕಿದರೆ ಕಾರು ನಿಲ್ಲುವುದಿಲ್ಲ. ಎಣ್ಣೆ ಹೀರಿದ ಪ್ಯಾಡನ್ನು ತೊಳೆದು ಮತ್ತೆ ಬಳಸಲಾಗದು, ಎಸೆಯಲೇಬೇಕು. ಉಜ್ಜುವ ಮುಖಕ್ಕೆ ಆಮ್ಲವಿರುವ ತುಕ್ಕುನಾಶಕವೂ ಬೇಡ, ಬಣ್ಣವೂ ಬೇಡ. ಡ್ರಮ್ಮಿನ ದೂಳನ್ನು ಬಾಯಿಯಿಂದಲೋ ಗಾಳಿ ಪಂಪಿನಿಂದಲೋ ಊದಿಸುವುದು ಸಹ ತಪ್ಪು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು, ಅದರ ನಾರು ಶ್ವಾಸಕೋಶಕ್ಕೆ ವಿಷ. ಕೆಲಸ ಮಾಡುವ ಹುಡುಗರ ಆರೋಗ್ಯದ ದೃಷ್ಟಿಯಿಂದಲಾದರೂ ಒದ್ದೆ ಬಟ್ಟೆಯಿಂದ ಒರೆಸಲು ಹೇಳಬೇಕು.

ಎಲೆಕ್ಟ್ರಿಕ್ ಕಾರುಗಳಲ್ಲಿ

ವಿದ್ಯುತ್ ಚಾಲಿತ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರೇ ಜನರೇಟರಾಗಿ ಕಾರನ್ನು ನಿಧಾನಿಸುತ್ತದೆ, ಶಕ್ತಿ ಬ್ಯಾಟರಿಗೆ ಮರಳುತ್ತದೆ (ಇದನ್ನು ಮರುಉತ್ಪಾದನೆ ಎನ್ನುತ್ತಾರೆ). ಪ್ಯಾಡಿಗೆ ಕೆಲಸ ಕಡಿಮೆಯಾದಂತೆ ತುಕ್ಕನ್ನು ಉಜ್ಜುವವರೂ ಇಲ್ಲವಾಗುತ್ತಾರೆ. ಹೀಗಾಗಿ ದಿನವೂ ಓಡುವ ಎಲೆಕ್ಟ್ರಿಕ್ ಕಾರಿನ ಡಿಸ್ಕು ಕೂಡ ನಿಂತ ಕಾರಿನಂತೆ ತುಕ್ಕು ಹಿಡಿಯಬಲ್ಲದು. ಫೋಕ್ಸ್‌ವ್ಯಾಗನ್ ಇಂಥ ತುಕ್ಕನ್ನು ತಗ್ಗಿಸಲು ತನ್ನ ಐಡಿ.3 ಮತ್ತು ಐಡಿ.4 ಕಾರುಗಳ ಹಿಂದಿನ ಚಕ್ರಗಳಿಗೆ ಮುಚ್ಚಿದ ಡ್ರಮ್ ಬ್ರೇಕನ್ನೇ ಆರಿಸಿಕೊಂಡಿತು. 2017ರಲ್ಲಿ ಪೋರ್ಷೆ ಮತ್ತು ಬಾಶ್ ಕಂಪನಿಗಳು ಬೀಡುಕಬ್ಬಿಣದ ಮೇಲೆ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಲೇಪವಿರುವ ಡಿಸ್ಕುಗಳನ್ನು ಪ್ರಕಟಿಸಿದವು. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮ ಬ್ರೇಕಿನ ದೂಳಿಗೂ ಮೊದಲ ಬಾರಿಗೆ ಮಿತಿ ಹಾಕಿರುವುದರಿಂದ ಲೇಪಿತ ಡಿಸ್ಕುಗಳು ಮುಂದೆ ಹೆಚ್ಚಾಗುವ ನಿರೀಕ್ಷೆಯಿದೆ. ಅಲ್ಲಿಯವರೆಗೆ ಎಲೆಕ್ಟ್ರಿಕ್ ಕಾರು ಉಳ್ಳವರು ವಾರಕ್ಕೊಮ್ಮೆ ಮರುಉತ್ಪಾದನೆಯ ಮಟ್ಟವನ್ನು ಕನಿಷ್ಠಕ್ಕೆ ಇಳಿಸಿ, ಸುರಕ್ಷಿತ ಜಾಗದಲ್ಲಿ ಪೆಡಲಿನಿಂದಲೇ ಕೆಲವು ಸಲ ಗಟ್ಟಿಯಾಗಿ ಬ್ರೇಕ್ ಹಾಕುವುದು ಒಳಿತು.

ದೀರ್ಘಕಾಲ ನಿಲ್ಲಿಸುವಾಗ

2020ರ ಲಾಕ್‌ಡೌನ್ ವೇಳೆ ಲಕ್ಷಾಂತರ ಕಾರುಗಳು ಒಮ್ಮೆಲೇ ನಿಂತಾಗ, ಹ್ಯಾಂಡ್‌ಬ್ರೇಕ್ ಎಳೆದ ಸ್ಥಿತಿಯಲ್ಲಿ ಕಾರನ್ನು ನಿಲ್ಲಿಸಿಡಬೇಡಿ ಎಂದು ಕಾರು ತಯಾರಕರು ಗ್ರಾಹಕರಿಗೆ ತಿಳಿಸಿದ್ದರು. ಆ ಸಲಹೆ ಇಂದಿಗೂ ಸರಿಯಾದದ್ದು. ಸಮತಟ್ಟಾದ, ಗಟ್ಟಿ ನೆಲದ, ಸೂರಿರುವ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಮೊದಲ ಗೇರಿಗೆ ಅಥವಾ ರಿವರ್ಸಿಗೆ ಹಾಕಿ, ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್ ಸ್ಥಾನದಲ್ಲಿ ಇಟ್ಟು, ಚಕ್ರಗಳ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡಬೇಕು. ಇಳಿಜಾರಿನಲ್ಲಿ ಈ ಕ್ರಮ ಸಲ್ಲದು. ವಿದ್ಯುತ್ ಹ್ಯಾಂಡ್‌ಬ್ರೇಕ್ ಇರುವ ಕಾರುಗಳಲ್ಲಿ ಅದು ತಾನಾಗಿ ಬೀಳುವುದನ್ನು ತಡೆಯುವ ವಿಧಾನ ಕೈಪಿಡಿಯಲ್ಲಿ ಇರುತ್ತದೆ.

ತೊಳೆದ ಕೂಡಲೇ ಕಾರನ್ನು ಬಿಟ್ಟುಹೋಗದೆ, ಒಂದೆರಡು ಕಿಲೋಮೀಟರ್ ಓಡಿಸಿ ಬ್ರೇಕುಗಳನ್ನು ಒಣಗಿಸಬೇಕು. ಪ್ಲಾಸ್ಟಿಕ್ ಹೊದಿಕೆ ನೆಲದ ತೇವವನ್ನು ಒಳಗೇ ಕೂಡಿಹಾಕುತ್ತದೆ; ಗಾಳಿಯಾಡುವ ಬಟ್ಟೆಯ ಹೊದಿಕೆ ಉತ್ತಮ. ನೆರೆಯವರೋ ನೆಂಟರೋ ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸುವಂತಿದ್ದರೆ ಬೇರೆ ಉಪಚಾರ ಬೇಕಾಗದು. ನಿಂತಲ್ಲಿಯೇ ಎಂಜಿನ್ ಚಾಲೂ ಮಾಡಿ ಇಡುವುದರಿಂದ ಬ್ರೇಕಿಗೆ ಯಾವ ಪ್ರಯೋಜನವೂ ಇಲ್ಲ.

ಬ್ರೇಕ್ ಆಯಿಲ್ ಕೂಡ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಒಳಸೇರಿದ ನೀರು ಪಿಸ್ಟನ್ನಿಗೂ ಸಿಲಿಂಡರಿಗೂ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಕಾರು ಓಡಿರಲಿ, ಓಡದಿರಲಿ, ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಬೇಕು.

ಹ್ಯಾಂಡ್‌ಬ್ರೇಕ್ ಬಿಟ್ಟಿದೆ, ಕಾರು ಗೇರಿನಲ್ಲಿದೆ, ಚಕ್ರಕ್ಕೆ ಕಲ್ಲು ಕೊಟ್ಟಿದೆ ಎಂದು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಅಂಟಿಸಿ ಹೋಗಿ. ತಿಂಗಳುಗಳ ನಂತರ ಆ ಕಾರನ್ನು ಹೊರತೆಗೆಯುವವರು ನೀವೇ ಆಗಿರಬೇಕೆಂದಿಲ್ಲ.